ಹೆಚ್ಚು ಕೈ ಬೇಡುವ ದೋಣಿ

ನಾವು ಬಂದು ನೆಲೆಸಿದ ಸೀಮೆಯ ಒಂದು ಸಂಸ್ಥೆಯ ಚರಿತ್ರೆಯನ್ನು ನಮ್ಮ ಕನ್ನಡ ಸಂಘದ ಈ ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಬರ್ಮಿಂಗ್‌ಹ್ಯಾಮ್ ಸುತ್ತಲಿನ ಈ ನಾಡಿನಲ್ಲಿ ದೊಡ್ಡ ಕಾರ್ಖಾನೆಗಳಿದ್ದವು, ಹಳೆಯ ವಿದ್ಯಾಸಂಸ್ಥೆಗಳಿವೆ, ಹೆಸರಾಂತ ಆಸ್ಪತ್ರೆಗಳಿವೆ. ಅವು ಯಾವುವೂ ನನಗೆ ನೆನಪಾಗಲಿಲ್ಲ. ಕಣ್ಣ ಮುಂದೆ ಬಂದು ನಿಂತದ್ದು ಒಂದು ದೋಣಿ: ಸುಮಾರು 71 ಅಡಿ ಉದ್ದ, ಬರೀ 7 ಅಡಿ ಅಗಲ, ಕಪ್ಪು ಕಬ್ಬಿಣದ ಮೈ, ನಡುವಿನಿಂದ ಹಿಂದಕ್ಕೆ ಒಂದು ಹೊಗೆಗೊಳವೆ. ಹೆಸರು ‘ಪ್ರೆಸಿಡೆಂಟ್’. ಅದನ್ನು ನಾನು ಮೊದಲು ಕಂಡದ್ದು ಡಡ್ಲಿ ಊರಿನ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಂನ ನಾಲೆಯಲ್ಲಿ.

ದೋಣಿಯನ್ನು ಸಂಸ್ಥೆ ಎನ್ನಬಹುದೇ? ಈ ದೋಣಿಯನ್ನು ಅನ್ನಬಹುದು. ಪಾಳು ಬಿದ್ದಿದ್ದ ಅದನ್ನು ಎತ್ತಿ ನಿಲ್ಲಿಸಿದವರು, ಆಮೇಲೆ ಅದರ ಸುತ್ತ ಕೂಡಿಕೊಂಡವರು, ಇಂದಿಗೂ ರಜೆಯ ದಿನಗಳಲ್ಲಿ ಮೈ ಕೈ ಮಸಿ ಮಾಡಿಕೊಂಡು ಅದನ್ನು ನಡೆಸುತ್ತಿರುವವರು ಸೇರಿ ಕಟ್ಟಿದ ಬಳಗದ ಕಥೆ ಇದು. ಸ್ವಯಂಸೇವೆಯ ಮೇಲೆಯೇ ನಿಂತಿರುವ ನಮ್ಮ ಸಂಘಕ್ಕೂ ಇದರಲ್ಲಿ ಕಲಿಯಬೇಕಾದದ್ದು ಇದೆ ಎಂದು ನಂಬಿ ಬರೆಯುತ್ತಿದ್ದೇನೆ.

ಸರಕು ಹೊತ್ತ ನಾಲೆಗಳು

ನಾಲೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ವಿಶ್ವೇಶ್ವರಯ್ಯ ನಾಲೆ, ಅದರ ಬದಿಯ ಕಬ್ಬು, ಬತ್ತ. ನಮ್ಮಲ್ಲಿ ನಾಲೆ ಇರುವುದು ಗದ್ದೆಗೆ ನೀರು ಹಾಯಿಸಲು. ಇಂಗ್ಲೆಂಡಿನ ನಾಲೆಗಳನ್ನು ತೋಡಿದ್ದು ದೋಣಿಗಳಿಗಾಗಿ. ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ರೂಪಿಸಿದ ಬ್ರಿಜ್‌ವಾಟರ್ ಕಾಲುವೆ 1761ರಲ್ಲಿ ಮ್ಯಾಂಚೆಸ್ಟರ್‌ಗೆ ಅಗ್ಗದ ಕಲ್ಲಿದ್ದಲು ಒಯ್ಯತೊಡಗಿತು. ಗಾಡಿ ಎಳೆಯುವ ಕುದುರೆ ಕೆಸರಿನ ಹಾದಿಯಲ್ಲಿ ಒಂದೆರಡು ಟನ್ ಎಳೆದರೆ ಹೆಚ್ಚು. ಅದೇ ಕುದುರೆ ದಡದ ಮೇಲೆ ನಡೆಯುತ್ತ, ನೀರಿನಲ್ಲಿ ತೇಲುವ 25 ಟನ್ ಸರಕನ್ನು ಹಗ್ಗದಿಂದ ಎಳೆಯಬಲ್ಲದು. ಮುಂದಿನ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಈ ದೇಶದ ನಡುನಾಡನ್ನೆಲ್ಲ ನಾಲೆಗಳು ಹೆಣೆದುಕೊಂಡವು.

ನೆಲ ಏರಿಳಿಯುವ ಕಡೆ ಲಾಕ್‌ಗಳಿವೆ. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ಅಥವಾ ಇಟ್ಟಿಗೆಯ ತೊಟ್ಟಿ. ದೋಣಿಯನ್ನು ಒಳಗೆ ನಿಲ್ಲಿಸಿ ಬಾಗಿಲು ಹಾಕಿ, ನೀರು ತುಂಬಿಸಿದರೆ ದೋಣಿ ಏರುತ್ತದೆ, ಹರಿಯಬಿಟ್ಟರೆ ಇಳಿಯುತ್ತದೆ. ನಡುನಾಡಿನ ಲಾಕ್‌ಗಳ ಅಗಲ ಸುಮಾರು 7 ಅಡಿ. ಆದ್ದರಿಂದಲೇ ದೋಣಿಗಳೂ ಹೀಗೆ ಕಿರಿದಾಗಿ, ಉದ್ದವಾಗಿ ಬೆಳೆದವು. ‘ನ್ಯಾರೋಬೋಟ್’ ಎಂಬ ಹೆಸರು ಬಂದದ್ದು ಅದರಿಂದ.

1909: ಉಗಿದೋಣಿಯ ಹುಟ್ಟು

ನಾಲೆಗಳ ಮೇಲೆ ಸರಕು ಸಾಗಿಸುವ ಕಂಪನಿಗಳಲ್ಲಿ ‘ಫೆಲೋಸ್ ಮಾರ್ಟನ್ ಅಂಡ್ ಕ್ಲೇಟನ್’ ಬಹು ದೊಡ್ಡದು. ಜೇಮ್ಸ್ ಫೆಲೋಸ್ ಎಂಬಾತ 1837ರಲ್ಲಿ ವೆಸ್ಟ್ ಬ್ರಾಮಿಚ್‌ನಲ್ಲಿ ಆರಂಭಿಸಿದ ವ್ಯಾಪಾರವದು. 1889ರಲ್ಲಿ ಕ್ಲೇಟನ್ ಮನೆತನದ ದೋಣಿಗಳು ಬಂದು ಸೇರಿದ ಮೇಲೆ ಈ ಹೆಸರು ಪಡೆಯಿತು. ಆ ಹೊತ್ತಿಗೆ ರೈಲು ಬಂದು ಎಷ್ಟೋ ವರ್ಷಗಳಾಗಿದ್ದವು. ರೈಲಿನ ಜೊತೆ ಪೈಪೋಟಿ ಮಾಡಬೇಕಾದರೆ ಕುದುರೆಯ ನಡಿಗೆ ಸಾಲದು. ಕಂಪನಿ ಉಗಿದೋಣಿಗಳನ್ನು ಕಟ್ಟಿಸಿತು. ಬರ್ಮಿಂಗ್‌ಹ್ಯಾಮ್‌ನ ಸಾಲ್ಟ್ಲಿಯಲ್ಲಿದ್ದ ತನ್ನದೇ ಕಟ್ಟೆಯಲ್ಲಿ 1909ರಲ್ಲಿ ನೀರಿಗಿಳಿಸಿದ ದೋಣಿಯೇ ‘ಪ್ರೆಸಿಡೆಂಟ್’. ಅದರ ಪಕ್ಕೆಗಳು ರಿವೆಟ್ ಹೊಡೆದು ಕೂಡಿಸಿದ ಕಬ್ಬಿಣದ ತಗಡು, ತಳ ಎಲ್ಮ್ ಮರದ ದಪ್ಪ ಹಲಗೆ. ಸದಾ ನೀರಿನಡಿಯೇ ಇದ್ದರೆ ಎಲ್ಮ್ ಬಹುಕಾಲ ಬಾಳುತ್ತದೆ, ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾದರೆ ಕೊಳೆಯುತ್ತದೆ. ಕಟ್ಟುವವರಿಗೆ ಈ ಗುಟ್ಟು ಗೊತ್ತಿತ್ತು.

ಉಗಿದೋಣಿಗಳದು ‘ಫ್ಲೈ’ ಓಟ: ಹಗಲೂ ರಾತ್ರಿ ನಿಲ್ಲದ ಪ್ರಯಾಣ. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್‌ಗೆ ನೂರಕ್ಕೂ ಹೆಚ್ಚು ಲಾಕ್‌ಗಳನ್ನು ದಾಟಿ ಸುಮಾರು 54 ತಾಸಿನಲ್ಲಿ ತಲುಪುತ್ತಿದ್ದವು. ತಾನೂ ಸರಕು ಹೊತ್ತು, ಹಿಂದೆ ಎಂಜಿನ್ ಇಲ್ಲದ ಇನ್ನೊಂದು ದೋಣಿಯನ್ನೂ ಎಳೆಯುವುದು ರೂಢಿ. ಆ ಜೊತೆದೋಣಿಗೆ ಇಲ್ಲಿಯವರು ‘ಬಟಿ’ ಎನ್ನುತ್ತಾರೆ. ಸಾಧಾರಣ ದೋಣಿಗಳಲ್ಲಿ ಗಂಡ, ಹೆಂಡತಿ, ಮಕ್ಕಳು ಪುಟ್ಟ ಗೂಡಿನಲ್ಲೇ ಸಂಸಾರ ಹೂಡುತ್ತಿದ್ದರು. ಉಗಿದೋಣಿಯಲ್ಲಿ ಸಂಸಾರಕ್ಕೆ ಎಡೆಯಿರಲಿಲ್ಲ. ಒಬ್ಬ ಚುಕ್ಕಾಣಿಗೆ, ಒಬ್ಬ ಯಂತ್ರಕ್ಕೆ, ಒಬ್ಬ ಲಾಕ್‌ಗಳಿಗೆ ಎಂದು ಎರಡು ದೋಣಿಗೂ ಸೇರಿ ಏಳೆಂಟು ಗಂಡಾಳುಗಳು ಬೇಕು. ಅವರು ಸರದಿಯ ಮೇಲೆ ಕಣ್ಣು ಮುಚ್ಚುತ್ತಿದ್ದರು.

ಉಗಿದೋಣಿಯ ಹೆಚ್ಚುಗಾರಿಕೆ ವೇಗ. ಅದರ ಹೊರೆಯೂ ಅದರೊಳಗೇ ಇತ್ತು. ಬಾಯ್ಲರ್, ಯಂತ್ರ, ಕಲ್ಲಿದ್ದಲು ಸೇರಿ ಸುಮಾರು 10 ಟನ್ ಸರಕಿನ ಜಾಗ ತಿನ್ನುತ್ತಿದ್ದವು. ಏಳೆಂಟು ಆಳಿನ ಕೂಲಿ ಬೇರೆ. ಸ್ವೀಡನ್ನಿನ ಬೋಲಿಂಡರ್ ಎಣ್ಣೆ ಎಂಜಿನ್ ಬಂದಾಗ ಲೆಕ್ಕ ತಲೆಕೆಳಗಾಯಿತು. 15 ಅಶ್ವಶಕ್ತಿಯ ಆ ಪುಟ್ಟ ಯಂತ್ರ ಒಂದು ಮೂಲೆಯಲ್ಲಿ ಕುಳಿತು ದೋಣಿ ಓಡಿಸುತ್ತದೆ. ಬೆಂಕಿಯ ಮುಂದೆ ನಿಲ್ಲಲು ಆಳು ಬೇಡ, ಒಂದು ಸಂಸಾರ ಇದ್ದರೆ ಸಾಕು. 1925ರಲ್ಲಿ ‘ಪ್ರೆಸಿಡೆಂಟ್’ನ ಬಾಯ್ಲರ್ ಮತ್ತು ಉಗಿಯಂತ್ರವನ್ನು ಕಿತ್ತು ಬೋಲಿಂಡರ್ ಕೂರಿಸಿದರು. ಉಗಿದೋಣಿಯಾಗಿ ಅದರ ಮೊದಲ ಬಾಳು ಹದಿನಾರೇ ವರ್ಷ. ಅದನ್ನು ಕೊನೆಗೊಳಿಸಿದ್ದು ಮುಖ್ಯವಾಗಿ ಆಳಿನ ಲೆಕ್ಕ: ಆ ದೋಣಿಗೆ ಹೆಚ್ಚು ಕೈ ಬೇಕಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಾಲುವೆಯನ್ನೇ ಉಳಿಸಿದವರು

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾಲೆಗಳ ಕಾಲ ಮುಗಿದಂತೆಯೇ ಇತ್ತು. 1948ರ ಜನವರಿ 1ರಂದು ಹೆಚ್ಚಿನ ಕಾಲುವೆಗಳು ರಾಷ್ಟ್ರೀಕರಣಗೊಂಡವು. ಅದೇ ವರ್ಷ ಫೆಲೋಸ್ ಮಾರ್ಟನ್ ಅಂಡ್ ಕ್ಲೇಟನ್ ಕಂಪನಿಯೂ ತಾನಾಗಿ ಬಾಗಿಲು ಮುಚ್ಚಿತು. 1962–63ರ ಭೀಕರ ಚಳಿಗಾಲದಲ್ಲಿ ನಾಲೆಗಳು ವಾರಗಟ್ಟಲೆ ಹೆಪ್ಪುಗಟ್ಟಿ, ಉಳಿದಿದ್ದ ಸರಕಿನ ವ್ಯಾಪಾರ ಬಹುಮಟ್ಟಿಗೆ ರಸ್ತೆಗೆ ಹೋಯಿತು. ಲಾಕ್‌ಗಳ ಬಾಗಿಲು ಕೊಳೆತವು. ಊರಿನ ನಡುವಿನ ನಾಲೆಗಳಿಗೆ ಜನ ಹಳೆಯ ಹಾಸಿಗೆ, ಮುರಿದ ಸೈಕಲ್ಲು ಎಸೆದರು. ಮುಚ್ಚಿ ರಸ್ತೆ ಮಾಡಿಬಿಡಿ ಎನ್ನುವ ಮಾತು ಎಲ್ಲೆಡೆ ಕೇಳಿಬರುತ್ತಿತ್ತು.

ಆ ಮಾತಿಗೆ ಎದುರಾಗಿ ನಿಂತವರ ಮೊದಲ ಕೂಟ ‘ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್’, ಹುಟ್ಟಿದ್ದು 1946ರಲ್ಲಿ. ಅದರ ಬೀಜ ಒಂದು ಪುಸ್ತಕ. ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ 1939ರಲ್ಲಿ ‘ಕ್ರೆಸ್ಸಿ’ ಎಂಬ ಮರದ ದೋಣಿಯನ್ನು ಬ್ಯಾನ್‌ಬರಿಯ ಟೂಲಿ ಕಟ್ಟೆಯಲ್ಲಿ ಮನೆಯಾಗಿಸಿಕೊಂಡು ಪಯಣ ಹೊರಟರು. ಆ ಅನುಭವವನ್ನು 1944ರಲ್ಲಿ ‘ನ್ಯಾರೋ ಬೋಟ್’ ಎಂಬ ಹೊತ್ತಗೆಯಾಗಿ ಪ್ರಕಟಿಸಿದರು. ಅದನ್ನು ಓದಿ ಕಾಗದ ಬರೆದವರಲ್ಲಿ ಲೇಖಕ ರಾಬರ್ಟ್ ಐಕ್ಮನ್ ಒಬ್ಬರು. ಇಬ್ಬರೂ ಟಾರ್ಡಬಿಗ್‌ನಲ್ಲಿ ‘ಕ್ರೆಸ್ಸಿ’ಯ ಮೇಲೆಯೇ ಭೇಟಿಯಾಗಿ, ಸಂಘ ಕಟ್ಟುವ ವಿಚಾರಕ್ಕೆ ಬಂದರು. ಐಕ್ಮನ್ ಅಧ್ಯಕ್ಷರಾದರು, ರೋಲ್ಟ್ ಕಾರ್ಯದರ್ಶಿ.

ಸ್ಮರಣ ಸಂಚಿಕೆಗಳಲ್ಲಿ ಜಗಳಗಳನ್ನು ಬಿಟ್ಟು ಬರೆಯುವ ವಾಡಿಕೆ ಇದೆ. ಇಲ್ಲಿ ಬಿಡಲಾರೆ. ಒಂದು ಮೈಲಿಯನ್ನೂ ಕಳೆದುಕೊಳ್ಳದೆ ಎಲ್ಲ ನಾಲೆಗಳನ್ನೂ ಉಳಿಸಬೇಕು ಎಂದು ಐಕ್ಮನ್ ಹಟ ಹಿಡಿದರು. ನಾಲೆಯ ಮೇಲೆ ಬದುಕುವ ದೋಣಿ ಜನರಿಗೆ ಉಪಯೋಗವಾಗುವ ದಾರಿಗಳು ಮೊದಲು ಎಂಬುದು ರೋಲ್ಟ್ ನಿಲುವು. 1951ರಲ್ಲಿ ರೋಲ್ಟ್ ಸಂಘದಿಂದಲೇ ಹೊರಬಿದ್ದರು. ‘ಕ್ರೆಸ್ಸಿ’ಯ ಹಲಗೆಗಳು ಅಷ್ಟರಲ್ಲಿ ಶಿಥಿಲವಾಗಿದ್ದವು, ಆ ದೋಣಿ ನೀರಿನಡಿ ಸೇರಿತು. ಇಡೀ ಚಳವಳಿಗೆ ಕಾರಣವಾದ ದೋಣಿಯನ್ನು ಚಳವಳಿ ಉಳಿಸಿಕೊಳ್ಳಲಿಲ್ಲ. ಹಳೆಯ ದೋಣಿಯೊಂದನ್ನು ಕಂಡಾಗ ಕಾಲುವೆಪ್ರಿಯರು ಚಡಪಡಿಸುವುದರ ಹಿಂದೆ ಇಂಥ ನಷ್ಟಗಳ ನೆನಪೂ ಇದೆ ಎಂದು ನನಗೆ ಅನ್ನಿಸುತ್ತದೆ.

ಇಬ್ಬರು ಅಗಲಿದರೂ ಕೆಲಸ ನಿಲ್ಲಲಿಲ್ಲ. ಮನವಿ ಬರೆಯುವವರು ಸಲಿಕೆ ಹಿಡಿದರು. ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣದ 13 ಮೈಲಿಯನ್ನು ಡೇವಿಡ್ ಹಚಿಂಗ್ಸ್ ಮುಂದಾಳತ್ವದಲ್ಲಿ ಸ್ವಯಂಸೇವಕರು, ಸೈನಿಕರು, ಸೆರೆಮನೆಯ ಕೈದಿಗಳು ಕೂಡಿ ದುರಸ್ತಿ ಮಾಡಿದರು. 1964ರಲ್ಲಿ ರಾಜಮಾತೆ ಅದನ್ನು ಮತ್ತೆ ತೆರೆದರು. 1968ರಲ್ಲಿ ಮ್ಯಾಂಚೆಸ್ಟರ್ ಬಳಿಯ ಆಷ್ಟನ್ ಕಾಲುವೆಗೆ ಒಂದೇ ವಾರಾಂತ್ಯದಲ್ಲಿ ಸುಮಾರು 600 ಜನ ಇಳಿದು ಕಸ ಎತ್ತಿದರು.

ಡಡ್ಲಿಯ ಕಥೆ ನಮ್ಮ ದೋಣಿಗೆ ಇನ್ನೂ ಹತ್ತಿರದ್ದು. ಅಲ್ಲಿ ಗುಡ್ಡದ ಹೊಟ್ಟೆ ಕೊರೆದು 1792ರಲ್ಲಿ ತೆರೆದ, ಸುಮಾರು 2.9 ಕಿಲೋಮೀಟರ್ ಉದ್ದದ ಸುರಂಗವಿದೆ. ಮಂಡ್ಯದ ಕಡೆ ಹುಲಿಕೆರೆಯ ಸುರಂಗ ಕಂಡವರು ನೀರು ಗುಡ್ಡದೊಳಗೆ ನುಗ್ಗುವ ಬಗೆಯನ್ನು ಊಹಿಸಿಕೊಳ್ಳಬಹುದು. ಡಡ್ಲಿ ಸುರಂಗದಲ್ಲಿ ಕುದುರೆ ನಡೆಯಲು ದಡವಿಲ್ಲ. ದೋಣಿಯವರು ಅಂಗಾತ ಮಲಗಿ, ಸುರಂಗದ ಗೋಡೆಗೆ ಕಾಲು ಕೊಟ್ಟು ಹೆಜ್ಜೆ ಹಾಕುತ್ತ ದೋಣಿಯನ್ನು ನೂಕಬೇಕಿತ್ತು. ಈ ಸುರಂಗವನ್ನು ಶಾಶ್ವತವಾಗಿ ಮುಚ್ಚುವ ಸುದ್ದಿ ಬಂದಾಗ 1964ರಲ್ಲಿ ಒಂದು ಸಂರಕ್ಷಣಾ ಸಂಘ ಹುಟ್ಟಿತು. 1970ರಲ್ಲಿ ನೂರಾರು ಸ್ವಯಂಸೇವಕರು ಹೂಳಿಗಿಳಿದರು. ಮೂರೇ ವರ್ಷಕ್ಕೆ, 1973ರ ಈಸ್ಟರ್ ಹೊತ್ತಿಗೆ, ಸುರಂಗ ಮತ್ತೆ ತೆರೆಯಿತು.

ಐದು ವರ್ಷದ ದುಡಿಮೆ

ಅದೇ 1973ರಲ್ಲಿ ‘ಪ್ರೆಸಿಡೆಂಟ್’ ದೇಶದ ವಾಯವ್ಯ ಭಾಗದಲ್ಲಿ ಯಾರಿಗೂ ಬೇಡವಾಗಿ ನಿಂತಿತ್ತು. ಕಂಪನಿಯ ಕಾಲ ಮುಗಿದ ಮೇಲೆ ಅದು ಕಾಲುವೆ ದುರಸ್ತಿಯ ದೋಣಿಯಾಗಿ ಮಣ್ಣು, ಕಲ್ಲು ಹೊತ್ತಿತ್ತು. ಆ ಕೆಲಸವೂ ಮುಗಿದು ತುಕ್ಕು ಹಿಡಿಯುತ್ತಿತ್ತು. ಇಬ್ಬರು ಕಾಲುವೆಪ್ರಿಯರು ಅದನ್ನು ಕೊಂಡರು.

ಅವರ ಮುಂದೆ ಸುಲಭದ ದಾರಿ ಇತ್ತು. ಹೊರಮೈಗೆ ತೇಪೆ ಹಾಕಿ, ಬಣ್ಣ ಬಳಿದು, ಒಂದು ಡೀಸೆಲ್ ಎಂಜಿನ್ ಕೂರಿಸಿದ್ದರೆ ಸೊಗಸಾದ ವಿಹಾರದೋಣಿಯಾಗುತ್ತಿತ್ತು. ಅವರು ಆರಿಸಿಕೊಂಡದ್ದು 1909ರ ದೋಣಿಯನ್ನು. ಮೂಲದ ಉಗಿಯಂತ್ರ ಹೋಗಿ ಅರ್ಧ ಶತಮಾನವೇ ಆಗುತ್ತಿತ್ತು. ದೋಣಿಗೆ ಒಪ್ಪುವ ಬೇರೊಂದು ಉಗಿಯಂತ್ರ, ಬಾಯ್ಲರ್ ಹೊಂದಿಸಬೇಕು. ಅವುಗಳ ತೂಕ ಕೂರುವ ಕಡೆ ದೋಣಿಯ ಮೈ ಗಟ್ಟಿಯಿರಬೇಕು. ಬಾಯ್ಲರ್ ಕೋಣೆ, ಹಿಂದಿನ ಗೂಡು ಹೊಸದಾಗಿ ಏಳಬೇಕು. ದಶಕಗಳಿಂದ ಯಾರೂ ಮಾಡದಿದ್ದ ಕೆಲಸವನ್ನು ಹಳೆಯ ಫೋಟೋಗಳಿಂದ, ಹಳಬರ ನೆನಪಿನಿಂದ ಕಲಿಯಬೇಕು. ಐದು ವರ್ಷ ಹಿಡಿಯಿತು. 1978ರಲ್ಲಿ ‘ಪ್ರೆಸಿಡೆಂಟ್’ ಉಗಿಯ ಬಲದಿಂದ ಮತ್ತೆ ನೀರನ್ನು ಸೀಳಿತು.

1925ರ ಲೆಕ್ಕದ ಪ್ರಕಾರ ನೋಡಿದರೆ ಇದು ನಷ್ಟದ ಕೆಲಸವೇ. ಕಂಪನಿ ತಿಳಿದೂ ತಿಳಿದೂ ಬಿಟ್ಟ ಹೊರೆಯನ್ನೆಲ್ಲ ಇವರು ತಾವಾಗಿ ಹೊತ್ತುಕೊಂಡರು: ಕಲ್ಲಿದ್ದಲು, ಬೆಂಕಿ, ಮಸಿ, ಹೆಚ್ಚು ಆಳು. ಆದರೂ ಆ ನಿರ್ಧಾರವೇ ದೋಣಿಯನ್ನು ಮುಂದಿನ ದಶಕಗಳಿಗೂ ಉಳಿಸಿತು ಎಂಬುದು ನನ್ನ ನಂಬಿಕೆ. ಏಕೆ ಎಂದು ಮುಂದೆ ಹೇಳುತ್ತೇನೆ.

ಗೆಳೆಯರ ಬಳಗ

1978ರಲ್ಲೇ, ಡಡ್ಲಿ ಸುರಂಗದ ಬಾಯಿಯ ಪಕ್ಕದಲ್ಲಿ, 26 ಎಕರೆಯ ಪಾಳುಭೂಮಿಯಲ್ಲಿ ಬ್ಲ್ಯಾಕ್ ಕಂಟ್ರಿ ಮ್ಯೂಸಿಯಂ ಜನರಿಗೆ ತೆರೆಯಿತು. ಕೆಡವಬೇಕಾಗಿದ್ದ ಹಳೆಯ ಅಂಗಡಿ, ಮನೆ, ಕಮ್ಮಾರಸಾಲೆಗಳನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ದೋಣಿ ದುರಸ್ತಿಯ ಕಟ್ಟೆಯೂ ಇದೆ. ಈ ಮ್ಯೂಸಿಯಂ 1983ರಲ್ಲಿ ‘ಪ್ರೆಸಿಡೆಂಟ್’ ಅನ್ನು ಕೊಂಡಿತು. ಉಗಿದೋಣಿಗೆ ಇದಕ್ಕಿಂತ ತಕ್ಕ ನೆಲೆ ಸಿಗಲಾರದು. ಥಾಮಸ್ ನ್ಯೂಕೊಮೆನ್ 1712ರಲ್ಲಿ ಗಣಿಯ ನೀರೆತ್ತಲು ನಿಲ್ಲಿಸಿದ ಉಗಿಯಂತ್ರ ಓಡಿದ್ದು ಇದೇ ಡಡ್ಲಿ ಕೋಟೆಯ ಆಸುಪಾಸಿನಲ್ಲಿ. ಅದರ ಪೂರ್ಣಪ್ರಮಾಣದ ಪ್ರತಿಕೃತಿ ಮ್ಯೂಸಿಯಂನಲ್ಲಿದೆ. ಒಂದು ಕೊರತೆ ಮಾತ್ರ: ಸಾಕಷ್ಟು ಗಾಳಿಯಾಡದ ಪಕ್ಕದ ಸುರಂಗದೊಳಗೆ ಹೊಗೆ ಉಗುಳುವ ಈ ದೋಣಿ ಹೋಗುವಂತಿಲ್ಲ.

ಮ್ಯೂಸಿಯಂ ಒಂದು ವಸ್ತುವನ್ನು ಕೊಂಡು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಧೂಳು ಒರೆಸಲು ಒಬ್ಬರು ಸಾಕು. ಉಗಿದೋಣಿಯನ್ನು ನಡೆಸಬೇಕಾದರೆ ಒಂದು ಬಳಗವೇ ಬೇಕು. ಆ ಅಗತ್ಯದಿಂದ ರೂಪುಗೊಂಡದ್ದು ‘ಫ್ರೆಂಡ್ಸ್ ಆಫ್ ಪ್ರೆಸಿಡೆಂಟ್’, ಅಂದರೆ ಈ ದೋಣಿಯ ಗೆಳೆಯರು. ಇಲ್ಲಿ ಸಂಬಳವಿಲ್ಲ. ಸದಸ್ಯರಾದವರು ದೋಣಿಯ ಪಾಲನೆಗೂ ಪಯಣಕ್ಕೂ ಹೆಗಲು ಕೊಡುತ್ತಾರೆ. ಜೊತೆದೋಣಿಯೂ ಬಂತು: 1913ರಲ್ಲಿ ಬ್ರೈತ್‌ವೇಟ್ ಅಂಡ್ ಕರ್ಕ್ ಅವರು ಅದೇ ಫೆಲೋಸ್ ಮಾರ್ಟನ್ ಕಂಪನಿಗಾಗಿ ಕಟ್ಟಿದ ‘ಕಿಲ್ಡೇರ್’. ಎರಡು ದೋಣಿಗಳೂ ಒಂದರ ಹಿಂದೊಂದು ಸಾಗುವಾಗ ನಾಲೆಯ ಬದಿಯ ಜನಕ್ಕೆ ಅಜ್ಜಂದಿರ ಕಾಲದ ಚಿತ್ರ ಪೂರ್ತಿಯಾಗುತ್ತದೆ. ದೇಶದ ‘ನ್ಯಾಷನಲ್ ಹಿಸ್ಟಾರಿಕ್ ಫ್ಲೀಟ್’ ಪಟ್ಟಿಯಲ್ಲಿ ‘ಪ್ರೆಸಿಡೆಂಟ್’ ಸ್ಥಾನ ಪಡೆದಿದೆ. 2009ಕ್ಕೆ ಅದಕ್ಕೆ ನೂರು ತುಂಬಿತು.

ಬೆಂಕಿ ಹಚ್ಚುವ ಬೆಳಗು

ಉಗಿದೋಣಿಯ ಒಂದು ದಿನ ಹೇಗಿರುತ್ತದೆ ಎಂದು ತಿಳಿಯದೆ ಈ ಬಳಗದ ಚರಿತ್ರೆ ಅರ್ಥವಾಗುವುದಿಲ್ಲ. ಡೀಸೆಲ್ ದೋಣಿಯಾದರೆ ಕೀಲಿ ತಿರುಗಿಸಿದರೆ ಹೊರಟೀತು. ಉಗಿದೋಣಿಗೆ ಎಷ್ಟೋ ತಾಸು ಮೊದಲೇ ಒಬ್ಬರು ಎದ್ದು ಬರಬೇಕು. ಬಾಯ್ಲರ್‌ನ ನೀರಿನ ಮಟ್ಟವನ್ನು ಗಾಜಿನ ಗೇಜಿನಲ್ಲಿ ನೋಡದೆ ಬೆಂಕಿಯ ಮಾತೇ ಇಲ್ಲ. ಹಿಂದಿನ ದಿನದ ಬೂದಿ, ಕಿಟ್ಟ ತೆಗೆದು, ಕಟ್ಟಿಗೆ ಜೋಡಿಸಿ, ಮೇಲೆ ಕಲ್ಲಿದ್ದಲು ಇಟ್ಟು ಹಚ್ಚಬೇಕು. ಅವಸರ ಮಾಡುವಂತಿಲ್ಲ. ತಣ್ಣಗಿದ್ದ ಲೋಹ ಒಂದೇ ಸಮ ಕಾಯದಿದ್ದರೆ ಕೊಳವೆಗಳ ಸಂದು ಸಡಿಲವಾಗುತ್ತದೆ. ಉಗಿ ಏರುವವರೆಗೆ ಯಂತ್ರದ ಒಂದೊಂದು ಕೀಲಿಗೂ ಎಣ್ಣೆ ಬಿಡುವುದು, ಹಿತ್ತಾಳೆ ಉಜ್ಜುವುದು, ಹಗ್ಗ ನೋಡುವುದು.

ಹೊರಟ ಮೇಲೆ ಒಬ್ಬರ ಕೆಲಸ ಇನ್ನೊಬ್ಬರ ಕೈಯಲ್ಲಿ. ಚುಕ್ಕಾಣಿ ಹಿಡಿದವರಿಗೆ ಬೆಂಕಿ ಕಾಣಿಸದು, ಬೆಂಕಿಯ ಮುಂದಿರುವವರಿಗೆ ತಿರುವು ಕಾಣಿಸದು. ಮುಂದೆ ಲಾಕ್ ಬರುತ್ತದೆ ಎಂದರೆ ಯಂತ್ರ ನೋಡುವವರಿಗೆ ಮೊದಲೇ ತಿಳಿಯಬೇಕು. ಇಲ್ಲವಾದರೆ ಉಗಿ ಹೆಚ್ಚಾಗಿ ಸೇಫ್ಟಿ ವಾಲ್ವ್‌ನಿಂದ ಭುಸ್ಸೆಂದು ವ್ಯರ್ಥವಾಗುತ್ತದೆ, ಅಥವಾ ಬೇಕಾದಾಗ ಸಾಲದೆ ಹೋಗುತ್ತದೆ. ಲಾಕ್‌ನ ಬಾಗಿಲು ತೆರೆಯಲು ಮುಂದೆ ಹೋದವರು ಬೇರೆ, ‘ಕಿಲ್ಡೇರ್’ನ ಚುಕ್ಕಾಣಿಯವರು ಬೇರೆ. ತಗ್ಗು ಸೇತುವೆ ಬಂದರೆ ಹೊಗೆಗೊಳವೆ ಇಳಿಸುವ ಕೈಯೊಂದು ಬೇಕು. ಹೂಳು ತುಂಬಿದ ಕಡೆ ತಳ ತಗುಲಿ ನಿಂತರೆ ಎಲ್ಲರೂ ಕೋಲು ಹಿಡಿಯಬೇಕು.

ಇದು ಬೇಸಿಗೆಯ ಮಾತು. ಚಳಿಗಾಲದ ಕೆಲಸವನ್ನು ಯಾರೂ ದಡದಲ್ಲಿ ನಿಂತು ನೋಡುವುದಿಲ್ಲ. ಬಾಯ್ಲರ್ ಬರಿದು ಮಾಡಿ ಒಳಗೆ ಕಟ್ಟಿದ ಗಸಿ ತೊಳೆಯುವುದು, ಪರೀಕ್ಷಕರಿಗೆ ಒಪ್ಪಿಸುವುದು, ತಗಡಿನ ದಪ್ಪ ನೋಡುವುದು, ತುಕ್ಕು ಕೆರೆಯುವುದು, ಕಪ್ಪು ಬಳಿಯುವುದು. ‘ಪ್ರೆಸಿಡೆಂಟ್’ನ ಜೀರ್ಣೋದ್ಧಾರ 1978ರಲ್ಲಿ ಮುಗಿಯಿತು ಎಂದು ಬರೆಯುವುದು ರೂಢಿ. ಅದು ಮುಗಿಯಲಿಲ್ಲ. ನೀರಿನಲ್ಲಿರುವ ಕಬ್ಬಿಣಕ್ಕೂ ಮರಕ್ಕೂ ತುಕ್ಕು, ಕೊಳೆ ಒಂದು ದಿನವೂ ರಜೆ ಕೊಡುವುದಿಲ್ಲ. ಅಲಕ್ಷ್ಯದಿಂದ ಎತ್ತಿ ತಂದದ್ದನ್ನು ಅಲಕ್ಷ್ಯಕ್ಕೆ ಮರಳಿ ಬಿಡದಿರುವುದೇ ಇವರ ನಿಜವಾದ ಸಾಧನೆ.

ಕೈಗಳ ಲೆಕ್ಕ

1973ರಲ್ಲಿ ದೋಣಿ ಕೊಂಡವರು ಡೀಸೆಲ್ ಆರಿಸಿಕೊಂಡಿದ್ದರೆ ಇಬ್ಬರೇ ಅದನ್ನು ನಡೆಸಬಹುದಿತ್ತು. ಅವರ ಕೈ ಸೋತ ದಿನ ದೋಣಿ ಮತ್ತೆ ದಡ ಸೇರುತ್ತಿತ್ತು. ಉಗಿಯಾದ್ದರಿಂದ ಇಬ್ಬರಿಗೆ ಆಗದು. ಆಗದಿದ್ದುದರಿಂದ ಮೂರನೆಯವರನ್ನು ಕರೆಯಬೇಕಾಯಿತು, ಕರೆದವರಿಗೆ ಕಲಿಸಬೇಕಾಯಿತು. ಬೆಂಕಿ ಹಾಕುವುದನ್ನು ಪುಸ್ತಕ ಓದಿ ಕಲಿಯಲಾಗದು. ಸಲಿಕೆ ಹಿಡಿದವರ ಪಕ್ಕದಲ್ಲಿ ನಿಂತು, ಜ್ವಾಲೆಯ ಬಣ್ಣ ನೋಡಿ, ಬೈಸಿಕೊಂಡು ಕಲಿಯಬೇಕು. ಹಾಗೆ ಹಳಬರ ಕೈಯ ಹದ ಹೊಸಬರ ಕೈಗೆ ದಾಟುತ್ತ ಬಂದಿದೆ. 1925ರಲ್ಲಿ ಯಾವ ಕಾರಣಕ್ಕೆ ಉಗಿದೋಣಿಯನ್ನು ಕೈಬಿಟ್ಟರೋ, ಇಂದು ಅದೇ ಕಾರಣಕ್ಕೆ ಅದು ಉಳಿದಿದೆ. ಅದಕ್ಕೆ ಹೆಚ್ಚು ಕೈ ಬೇಕು.

ನಮ್ಮ ಸಂಘದ ಕಾರ್ಯಕ್ರಮಗಳನ್ನು ನೆನೆಯುತ್ತೇನೆ. ಯುಗಾದಿಯ ಊಟವನ್ನು ಹೊರಗಿನಿಂದ ತರಿಸಿದರೆ ಸುಲಭ ಎಂದು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಮಕ್ಕಳ ಕನ್ನಡ ತರಗತಿಯನ್ನು ಪರದೆಯ ಮೇಲಿನ ಪಾಠಕ್ಕೆ ಒಪ್ಪಿಸಿಬಿಡೋಣ ಎನ್ನುತ್ತೇವೆ. ಕೈ ಉಳಿಯುತ್ತದೆ, ನಿಜ. ಆದರೆ ತೆಂಗಿನಕಾಯಿ ತುರಿಯುತ್ತ, ಕೋಸಂಬರಿಗೆ ಒಗ್ಗರಣೆ ಹಾಕುತ್ತ ಕುಳಿತ ಹೊತ್ತಿನಲ್ಲೇ ಹೊಸದಾಗಿ ಬಂದವರು ನಮ್ಮವರಾದದ್ದು. ಕೆಲಸ ಕೊಡದ ಸಂಘಕ್ಕೆ ಸದಸ್ಯರಿರುತ್ತಾರೆ, ಬಳಗ ಇರುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾಲೆಯ ಕಡೆ ಹೋದಾಗ, ಮರಗಳಾಚೆ ಹೊಗೆ ಕಂಡರೆ ಮಕ್ಕಳನ್ನು ಕರೆದುಕೊಂಡು ದಡಕ್ಕೆ ಬನ್ನಿ. ಉಗಿಯಂತ್ರದ ಸದ್ದು ಬಹಳ ಮೆತ್ತಗೆ, ದೋಣಿ ಹತ್ತಿರ ಬರುವವರೆಗೆ ಕಿವಿಗೆ ಬೀಳದು. ಲಾಕ್ ಬಂದಾಗ ಬಾಗಿಲಿನ ಉದ್ದ ಮರದ ತೊಲೆಗೆ ಬೆನ್ನು ಕೊಟ್ಟು ಯಾರಾದರೂ ನೂಕುತ್ತಿರುತ್ತಾರೆ. ಅಲ್ಲಿ ಇನ್ನೊಂದು ಬೆನ್ನಿಗೆ ಯಾವಾಗಲೂ ಜಾಗವಿರುತ್ತದೆ.